ಆಸರೆ ಬೇಕಾದ ಮಕ್ಕಳೂ ಅವರ ಅಂತಃಸತ್ವವೂ

ಶಿಕ್ಷಣ ಸಂಸ್ಥೆಯೊಂದರ ಹಿರಿಮೆಯನ್ನು ಅದರ ಕಟ್ಟಡಗಳಿಂದಲೂ ಪರೀಕ್ಷೆಯ ಫಲಿತಾಂಶಗಳಿಂದಲೂ ಅಳೆಯುವುದು ವಾಡಿಕೆ. ಈ ಎರಡೂ ಬೇಕಾದವುಗಳೇ ಆದರೂ ಅವುಗಳಷ್ಟೇ ಮಹತ್ತ್ವದ ಮತ್ತೊಂದು ಅಳತೆಗೋಲುಂಟು. ತಂದೆತಾಯಿಯರನ್ನು ಕಳೆದುಕೊಂಡ, ಬಡತನದಲ್ಲಿ ಬೆಂದ, ಮನೆಯ ಕಲಹದಿಂದ ನೊಂದ, ಅಂಗವೈಕಲ್ಯದಿಂದಲೋ ದೀರ್ಘಕಾಲದ ಕಾಯಿಲೆಯಿಂದಲೋ ಹಿಂದುಳಿದ ಮಗುವೊಂದು ಬಾಗಿಲಿಗೆ ಬಂದಾಗ ಸಂಸ್ಥೆಯು ಅದನ್ನು ಯಾವ ದೃಷ್ಟಿಯಿಂದ ನೋಡುತ್ತದೆ ಎಂಬುದೇ ಆ ಅಳತೆಗೋಲು. ಮಠಗಳ ಆಶ್ರಯದಲ್ಲಿ ಬೆಳೆದ ಶಾಲೆಗಳಿಗೂ ಉಚಿತ ಪ್ರಸಾದ ನಿಲಯಗಳಿಗೂ ಇಂಥ ಮಕ್ಕಳು ಹೊಸಬರಲ್ಲ. ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿ ನಾಡಿನ ಹಳ್ಳಿಗಾಡಿನ ಅಸಂಖ್ಯ ಬಾಲಕರನ್ನು ಮುಂದೆ ತಂದ ಕೀರ್ತಿ ಈ ಸಂಸ್ಥೆಗಳಿಗೆ ಸಲ್ಲುತ್ತದೆ. ಆದರೆ ಕೊಡುವ ವಸ್ತುವಿನಷ್ಟೇ ಕೊಡುವ ರೀತಿಯೂ ಮಗುವಿನ ಬಾಳನ್ನು ತಿದ್ದುತ್ತದೆ ಎಂಬ ವಿಚಾರವು ಕಳೆದ ಕೆಲವು ದಶಕಗಳಲ್ಲಿ ಮನಶ್ಶಾಸ್ತ್ರ ಮತ್ತು ಸಮಾಜಕಾರ್ಯಗಳ ಕ್ಷೇತ್ರದಲ್ಲಿ ಬಲವಾಗಿ ಬೇರೂರಿದೆ. ಶಿಕ್ಷಕರೂ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಅರಿತಿರಬೇಕಾದ ವಿಚಾರವಿದು.

ಕೊರತೆಯ ಪಟ್ಟಿ

ಪ್ರತಿ ವರ್ಷ ಜೂನ್ ತಿಂಗಳ ಸುಮಾರಿಗೆ ವಿದ್ಯಾರ್ಥಿ ನಿಲಯಗಳಿಗೆ ಪ್ರವೇಶ ಬಯಸಿ ಅರ್ಜಿಗಳು ಬರುತ್ತವೆ. ತಂದೆ ಬದುಕಿದ್ದಾರೆಯೇ, ವಾರ್ಷಿಕ ಆದಾಯವೆಷ್ಟು, ಜಮೀನು ಉಂಟೇ, ಹಿಂದಿನ ತರಗತಿಯಲ್ಲಿ ಪಡೆದ ಅಂಕಗಳೆಷ್ಟು, ಕಾಯಿಲೆಯೇನಾದರೂ ಇದೆಯೇ ಎಂಬಂಥವೇ ಅವುಗಳಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು. ನೆರವು ಯಾರಿಗೆ ಹೆಚ್ಚು ಅಗತ್ಯವೆಂದು ನಿರ್ಧರಿಸಲು ಇವು ಬೇಕೇ ಬೇಕು. ಆದರೆ ಅರ್ಜಿಯನ್ನು ತುಂಬಿ ಮುಗಿಸುವಷ್ಟರಲ್ಲಿ ಮಗುವು ಕೊರತೆಗಳ ಒಂದು ಪಟ್ಟಿಯಾಗಿಬಿಟ್ಟಿರುತ್ತದೆ. 'ತಂದೆಯಿಲ್ಲದವನು', 'ಲೆಕ್ಕದಲ್ಲಿ ಹಿಂದೆ', 'ಹಠಮಾರಿ' ಎಂಬ ಮಾತುಗಳು ಆ ಮಗುವಿನೊಡನೆ ತರಗತಿಯಿಂದ ತರಗತಿಗೆ ಸಾಗುತ್ತವೆ. ಒಬ್ಬ ಶಿಕ್ಷಕರಿಂದ ಮತ್ತೊಬ್ಬ ಶಿಕ್ಷಕರ ಕಿವಿಗೆ ಬೀಳುತ್ತವೆ. ಕೊನೆಗೆ ಮಗುವೇ ಅವುಗಳನ್ನು ತನ್ನ ಹೆಸರೆಂದು ನಂಬತೊಡಗುತ್ತದೆ. ಹಾಗೆ ನಂಬಿದ ಮಗುವಿಗೆ ಎಷ್ಟು ಪುಸ್ತಕ ಕೊಟ್ಟರೂ ಎಷ್ಟು ಬಟ್ಟೆ ಕೊಟ್ಟರೂ ಅದರ ಮನಸ್ಸು ಮೇಲೇಳುವುದು ಕಷ್ಟ.

ಇದಕ್ಕೆ ಪ್ರತಿಯಾಗಿ, ಮಗುವಿನಲ್ಲಿ ಈಗಾಗಲೇ ಏನಿದೆ ಎಂಬಲ್ಲಿಂದ ಕೆಲಸವನ್ನು ಆರಂಭಿಸುವ ಕ್ರಮಕ್ಕೆ ಸತ್ವಾಧಾರಿತ ವಿಧಾನವೆಂದು ಹೆಸರಿಡಬಹುದು. ಇಲ್ಲಿ ಸತ್ವವೆಂದರೆ ಹಾಡು, ಆಟ, ಚಿತ್ರಕಲೆಗಳಂಥ ಪ್ರತಿಭೆಯೊಂದೇ ಅಲ್ಲ. ಕಷ್ಟದ ದಿನಗಳಲ್ಲಿ ಕಲಿತ ಕೈಕೆಲಸ, ತಮ್ಮ ತಂಗಿಯರನ್ನು ನೋಡಿಕೊಂಡ ಹೊಣೆಗಾರಿಕೆ, ಮಾತಿಗೆ ತಪ್ಪದ ಗುಣ, ನಂಬಬಹುದಾದ ಅಜ್ಜಿಯೋ ಸೋದರಮಾವನೋ ಇರುವುದು, ಮುಂದೆ ಹೀಗಾಗಬೇಕೆಂಬ ಹಂಬಲ, ಇವೆಲ್ಲವೂ ಸತ್ವಗಳೇ. ಕಷ್ಟವನ್ನು ದಾಟಿ ಶಾಲೆಯ ಬಾಗಿಲವರೆಗೆ ಬಂದ ಮಗುವು ಯಾವ ಬಲದಿಂದ ಅಲ್ಲಿಯವರೆಗೆ ಬಂದಿತೆಂದು ಕೇಳಿದರೆ ಅದರ ಉತ್ತರದಲ್ಲಿಯೇ ಆ ಮಗುವಿನ ಸತ್ವವು ಗೋಚರಿಸುತ್ತದೆ.

ಈ ವಿಧಾನಕ್ಕೆ ಶಾಸ್ತ್ರದ ರೂಪ ಬಂದುದು 1980ರ ದಶಕದಲ್ಲಿ, ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗದಲ್ಲಿ. ತೀವ್ರ ಮನೋವ್ಯಾಧಿಯಿಂದ ಬಳಲುತ್ತಿದ್ದ ವಯಸ್ಕರ ಸೇವೆಯಲ್ಲಿ ಚಾರ್ಲ್ಸ್ ರ‍್ಯಾಪ್ ಮತ್ತು ಅವರ ಸಂಗಡಿಗರು ರೋಗಲಕ್ಷಣಗಳ ಪಟ್ಟಿಯನ್ನು ಬದಿಗಿಟ್ಟು, ಆ ವ್ಯಕ್ತಿಗಳ ಆಸೆ, ಕೌಶಲ, ಬಂಧುಬಳಗಗಳನ್ನೇ ಆಧಾರವಾಗಿಟ್ಟುಕೊಂಡು ಕೆಲಸ ಮಾಡಿದರು. ಅದೇ ವಿಭಾಗದ ಡೆನಿಸ್ ಸಲೀಬಿ ಅವರು 1992ರಲ್ಲಿ ಸಂಪಾದಿಸಿದ ಗ್ರಂಥದಿಂದ ಈ ದೃಷ್ಟಿಯು ವ್ಯಾಪಕವಾಗಿ ಪ್ರಚಾರಕ್ಕೆ ಬಂದಿತು. ಮುಂದೆ ಮಕ್ಕಳ ಹಾಗೂ ಯುವಜನರ ಸೇವೆಗೂ ಅದು ವಿಸ್ತರಿಸಿತು.

ಕವಾಯಿ ದ್ವೀಪದ ಸಾಕ್ಷ್ಯ

ಮಗುವಿನ ಸತ್ವವನ್ನು ನೆಚ್ಚುವುದು ಬರಿಯ ಸದಾಶಯವೇ ಅಥವಾ ಅದಕ್ಕೆ ಆಧಾರವುಂಟೇ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರವಾಗಿ ಅನೇಕ ವಿದ್ವಾಂಸರು ಎತ್ತಿ ಹೇಳುವುದು ಹವಾಯಿ ದ್ವೀಪಸಮೂಹದ ಕವಾಯಿ ಎಂಬ ದ್ವೀಪದಲ್ಲಿ ನಡೆದ ಅಧ್ಯಯನವನ್ನು. 1955ರಲ್ಲಿ ಆ ದ್ವೀಪದಲ್ಲಿ ಹುಟ್ಟಿದ 698 ಶಿಶುಗಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್, ಅವರ ಸಹೋದ್ಯೋಗಿ ರುತ್ ಸ್ಮಿತ್ ಮತ್ತಿತರರು ದಶಕಗಳ ಕಾಲ ಗಮನಿಸುತ್ತ ಬಂದರು. ಒಂದು, ಎರಡು, ಹತ್ತು, ಹದಿನೆಂಟು, ಮೂವತ್ತೆರಡು ಹಾಗೂ ನಲವತ್ತು ವರ್ಷಗಳ ವಯಸ್ಸಿನಲ್ಲಿ ಅವರ ಸ್ಥಿತಿಗತಿಗಳನ್ನು ದಾಖಲಿಸಲಾಯಿತು. ಕಬ್ಬು ಮತ್ತು ಅನಾನಸ್ ತೋಟಗಳಲ್ಲಿ ದುಡಿಯಲು ನಾನಾ ದೇಶಗಳಿಂದ ಬಂದು ನೆಲೆಸಿದವರ ಮಕ್ಕಳು ಅವರಲ್ಲಿ ಬಹಳ ಮಂದಿ ಇದ್ದರು.

ಈ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗ, ಅಂದರೆ 201 ಮಕ್ಕಳು, ಎರಡು ವರ್ಷ ತುಂಬುವ ಮೊದಲೇ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ವಿಪತ್ತುಗಳಿಗೆ ಗುರಿಯಾಗಿದ್ದರು. ಹೆರಿಗೆಯ ತೊಂದರೆ, ಬಿಡದ ಬಡತನ, ಮನೆಯ ಜಗಳ, ತಂದೆತಾಯಿಯರ ಕುಡಿತ ಇಲ್ಲವೆ ಮನೋವ್ಯಾಧಿ, ಇವೇ ಆ ವಿಪತ್ತುಗಳು. ಈ 201 ಮಕ್ಕಳಲ್ಲಿ 129 ಮಂದಿ ಹತ್ತನೆಯ ವಯಸ್ಸಿಗೆ ಕಲಿಕೆಯ ಅಥವಾ ನಡವಳಿಕೆಯ ತೊಡಕುಗಳಿಗೋ, ಹದಿನೆಂಟರೊಳಗೆ ಅಪರಾಧ, ಮಾನಸಿಕ ತೊಂದರೆ, ಎಳವೆಯ ಗರ್ಭಧಾರಣೆ ಮೊದಲಾದ ಸಂಕಟಗಳಿಗೋ ಸಿಲುಕಿದರು. ಆದರೆ ಉಳಿದ 72 ಮಂದಿ, ಅವರಲ್ಲಿ 42 ಬಾಲಕಿಯರು ಹಾಗೂ 30 ಬಾಲಕರು, ಸಮರ್ಥರೂ ಆತ್ಮವಿಶ್ವಾಸಿಗಳೂ ಪರರ ಬಗ್ಗೆ ಕಾಳಜಿಯುಳ್ಳವರೂ ಆಗಿ ಬೆಳೆದರು.

ಅದೇ ಬಡತನ, ಅದೇ ಕಲಹಗಳ ನಡುವೆ ಈ 72 ಮಂದಿಯನ್ನು ಕಾಪಾಡಿದುದೇನು? ಸಂಶೋಧಕರು ಕಂಡುಕೊಂಡ ಕಾರಣಗಳಲ್ಲಿ ಕೆಲವು ಮಗುವಿನ ಹುಟ್ಟುಗುಣಕ್ಕೆ ಸೇರಿದವು. ಇತರರನ್ನು ಸುಲಭವಾಗಿ ಒಲಿಸಿಕೊಳ್ಳುವ ಸ್ವಭಾವವು ಅವುಗಳಲ್ಲೊಂದು. ಆದರೆ ಬಹಳಷ್ಟು ಕಾರಣಗಳು ಸುತ್ತಲಿನವರಿಂದ ಒದಗಿದವು. ಒಂದನೆಯದಾಗಿ, ತಂದೆತಾಯಿಯರಿಂದ ದೊರೆಯದ ಪ್ರೀತಿಯನ್ನು ಸ್ಥಿರವಾಗಿ ಕೊಟ್ಟ ಒಬ್ಬ ವ್ಯಕ್ತಿಯಾದರೂ ಅವರಿಗಿದ್ದರು: ಅಜ್ಜ, ಅಜ್ಜಿ, ಅಕ್ಕ, ನೆರೆಯವರು ಅಥವಾ ಮೆಚ್ಚಿನ ಶಿಕ್ಷಕರು. ಎರಡನೆಯದಾಗಿ, ಅವರಿಗೆ ತಮ್ಮದೇ ಎನ್ನಬಹುದಾದ ಒಂದು ಹವ್ಯಾಸ ಅಥವಾ ಆಸಕ್ತಿಯಿತ್ತು. ಮೂರನೆಯದಾಗಿ, ಮನೆಯವರಿಗೋ ನೆರೆಹೊರೆಯವರಿಗೋ ನೆರವಾಗುವ ನಿಜವಾದ ಹೊಣೆಯೊಂದು ಅವರ ಪಾಲಿಗೆ ಬಂದಿತ್ತು. ನಾಲ್ಕನೆಯದಾಗಿ, ಬಾಳಿಗೊಂದು ಅರ್ಥವುಂಟೆಂಬ ಶ್ರದ್ಧೆಯನ್ನು ಅವರಲ್ಲಿ ಅನೇಕರು ತಮ್ಮ ಧರ್ಮದಿಂದ ಪಡೆದಿದ್ದರು.

ಇನ್ನೂ ಒಂದು ಸಂಗತಿ ಗಮನಾರ್ಹ. ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲಿ ಬಹುಪಾಲು ಮಂದಿ ಮೂವತ್ತು-ನಲವತ್ತರ ವಯಸ್ಸಿಗೆ ಬರುವಷ್ಟರಲ್ಲಿ ಚೇತರಿಸಿಕೊಂಡಿದ್ದರು. ಮತ್ತೆ ಓದಲು ದೊರೆತ ಅವಕಾಶ, ಸೈನ್ಯದ ಸೇವೆ, ಒಳ್ಳೆಯ ಬಾಳಸಂಗಾತಿ, ಧಾರ್ಮಿಕ ಸಮುದಾಯದ ಒಡನಾಟ ಮೊದಲಾದವು ಅವರಿಗೆ ಎರಡನೆಯ ಬಾಗಿಲನ್ನು ತೆರೆದಿದ್ದವು. ಹತ್ತನೆಯ ತರಗತಿಯಲ್ಲಿ ಸೋತ ಹುಡುಗನ ಕಥೆ ಅಲ್ಲಿಗೇ ಮುಗಿಯಿತೆಂದು ಬಗೆಯುವವರು ಈ ಮಾತನ್ನು ನೆನಪಿನಲ್ಲಿಡತಕ್ಕದ್ದು.

ಗದುಗಿನ ನಿದರ್ಶನ

ದೂರದ ದ್ವೀಪವೊಂದರಲ್ಲಿ ಅಂಕಿಗಳ ಮೂಲಕ ಕಂಡುಬಂದ ಈ ತತ್ತ್ವವು ಕನ್ನಡ ನಾಡಿನಲ್ಲಿ ಅದಕ್ಕೂ ಮೊದಲೇ ಆಚರಣೆಯಲ್ಲಿ ಬೆಳಗಿದ ನಿದರ್ಶನವುಂಟು. 1892ರಲ್ಲಿ ಈಗಿನ ಹಾವೇರಿ ಜಿಲ್ಲೆಗೆ ಸೇರಿದ ಹಳ್ಳಿಯೊಂದರ ಬಡಕುಟುಂಬದಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಹುಟ್ಟು ಅಂಧರು. ಆ ಕಾಲದ ಸಮಾಜವು ಇಂಥ ಬಾಲಕನಿಗೆ ತೋರಿಸಬಹುದಾಗಿದ್ದ ದಾರಿ ಹೆಚ್ಚೆಂದರೆ ಭಿಕ್ಷೆಯದು. 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಆ ಬಾಲಕನ ಇಲ್ಲದ ಕಣ್ಣುಗಳಿಗಿಂತ ಇದ್ದ ಕಂಠವನ್ನು ಗುರುತಿಸಿದರು. ಸಂಗೀತ ಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಕರ್ನಾಟಕ ಮತ್ತು ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪರಿಣತರಾದ ಗವಾಯಿಗಳು ತಾವು ಪಡೆದುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು, ಊಟಕ್ಕೂ ಕಷ್ಟವಾದ ದಿನಗಳಲ್ಲಿ ಶಿಷ್ಯರೊಡನೆ ಊರೂರು ಸಂಚರಿಸುತ್ತ ವಿದ್ಯೆಯನ್ನು ಕಲಿಸಿದರು. ಆ ಪರಿಶ್ರಮದ ನೆಲೆಯೇ ಗದುಗಿನ ವೀರೇಶ್ವರ ಪುಣ್ಯಾಶ್ರಮ.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದ ತರುವಾಯ ಆಶ್ರಮದ ಹೊಣೆಯನ್ನು ಹೊತ್ತವರು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು. 1914ರಲ್ಲಿ ಹುಟ್ಟಿ ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಇವರು ಗಾಯನದಲ್ಲಿಯೂ ಹಲವು ವಾದ್ಯಗಳಲ್ಲಿಯೂ ನಿಪುಣರಾದರು. ಕನ್ನಡ, ಹಿಂದಿ, ಸಂಸ್ಕೃತ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. 2010ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರು ಲಿಂಗೈಕ್ಯರಾದರು.

ಈ ಗುರುಶಿಷ್ಯರ ಬಾಳಿನಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಮಗುವಿನಲ್ಲಿರುವ ಸತ್ವವನ್ನು ಕಂಡು ನಂಬಿದ ಒಬ್ಬ ಹಿರಿಯರು ಇದ್ದರು. ಎರಡನೆಯದು, ಆ ನಂಬಿಕೆಯು ಹೊಗಳಿಕೆಯ ಮಾತಿನಲ್ಲಿ ಮುಗಿಯದೆ ವರ್ಷಗಟ್ಟಲೆಯ ಶಿಸ್ತಿನ ಶಿಕ್ಷಣವಾಗಿ ಪರಿಣಮಿಸಿತು. ಮೂರನೆಯದು, ಆಶ್ರಮದ ಮಗುವು ಪಡೆಯುವವನಾಗಿಯೇ ಉಳಿಯಲಿಲ್ಲ. ಕಲಿತವನು ಕಿರಿಯನಿಗೆ ಕಲಿಸಿದನು, ಕೀರ್ತನ ಸಂಗೀತಗಳ ಮೂಲಕ ಸಮಾಜಕ್ಕೆ ತನ್ನ ಪಾಲನ್ನು ಸಲ್ಲಿಸಿದನು. ಆಶ್ರಮದ ನಾಟಕ ಕಂಪನಿಯು ಆಶ್ರಮದ ಪೋಷಣೆಗೂ ನೆರವಾಯಿತು. ಶರಣರು ಸಾರಿದ ಕಾಯಕ ಮತ್ತು ದಾಸೋಹಗಳ ಅವಿನಾಭಾವ ಸಂಬಂಧವು ಇಲ್ಲಿ ಮಕ್ಕಳ ಪಾಲನೆಯ ಪದ್ಧತಿಯಾಗಿ ಮೈದಳೆದಿದೆ. ದಾಸೋಹದಲ್ಲಿ ಉಂಡವನಿಗೆ ಕಾಯಕದ ಅವಕಾಶವೂ ಇದ್ದಾಗ ಮಾತ್ರ ಅವನು ತಲೆಯೆತ್ತಿ ನಡೆಯಬಲ್ಲನು. ಕವಾಯಿ ದ್ವೀಪದ ಮಕ್ಕಳಿಗೆ ನೆರವಾದ 'ನಿಜವಾದ ಹೊಣೆ' ಎಂಬುದರ ತಿರುಳೂ ಇದೇ ಆಗಿದೆ.

ಆದರೆ ಗದುಗಿನ ನಿದರ್ಶನವನ್ನು ತಪ್ಪಾಗಿ ಅರ್ಥಮಾಡಿಕೊಳ್ಳಬಾರದು. ಅಂಧ ಮಕ್ಕಳೆಲ್ಲರೂ ಹಾಡಲೇಬೇಕೆಂಬುದು ಅದರ ಪಾಠವಲ್ಲ. ಗಣಿತ, ಕಾನೂನು, ಯಂತ್ರವಿದ್ಯೆ ಮೊದಲಾದ ಯಾವ ಕ್ಷೇತ್ರದಲ್ಲಿಯಾದರೂ ಅಂಥ ಮಗುವಿನ ಒಲವು ಇರಬಹುದು. ಒಂದು ಬಗೆಯ ಮಕ್ಕಳಿಗೆ ಒಂದೇ ಬಗೆಯ ಸತ್ವವೆಂದು ವಿಧಿಸಿಬಿಟ್ಟರೆ ಅದೂ ಮತ್ತೊಂದು ಹಣೆಪಟ್ಟಿಯೇ ಆಗುತ್ತದೆ.

ತರಗತಿಯಲ್ಲಿ, ನಿಲಯದಲ್ಲಿ

ಈ ತತ್ತ್ವವು ಶಾಲೆಯ ನಿತ್ಯಜೀವನದಲ್ಲಿ ಹೇಗೆ ಕಾರ್ಯರೂಪಕ್ಕೆ ಬರಬಲ್ಲದೆಂಬುದನ್ನು ತಿಳಿಯಲು ಎಂಟನೆಯ ತರಗತಿಯ ಬಾಲಕನೊಬ್ಬನನ್ನು ಊಹಿಸಿಕೊಳ್ಳಬಹುದು. ಅವನ ತಂದೆ ತೀರಿಕೊಂಡಿದ್ದಾನೆ; ತಾಯಿ ಕೂಲಿಗೆ ಹೋಗುತ್ತಾಳೆ. ಅವನು ಶಾಲೆಗೆ ತಡವಾಗಿ ಬರುತ್ತಾನೆ, ಗಣಿತದಲ್ಲಿ ಹಿಂದಿದ್ದಾನೆ, ಪ್ರಶ್ನಿಸಿದರೆ ಮಾತನಾಡುವುದಿಲ್ಲ. ಕೊರತೆಯ ಪಟ್ಟಿಯ ಪ್ರಕಾರ ಇವನ ವಿವರ ಇಲ್ಲಿಗೇ ಮುಗಿಯಿತು. ಆದರೆ ಶಿಕ್ಷಕರು ಬಿಡುವಿನಲ್ಲಿ ಕುಳಿತು ಮಾತನಾಡಿಸಿದಾಗ ಬೇರೊಂದು ಚಿತ್ರ ಮೂಡುತ್ತದೆ. ಪ್ರತಿದಿನ ತಂಗಿಗೆ ಉಣಿಸಿ, ಅಂಗನವಾಡಿಗೆ ಬಿಟ್ಟು ಬರುವವನು ಅವನೇ. ಸಂತೆಯ ದಿನ ತಾಯಿಯೊಡನೆ ಕುಳಿತು ಸೊಪ್ಪು ಮಾರುವಾಗ ಚಿಲ್ಲರೆಯ ಲೆಕ್ಕದಲ್ಲಿ ಅವನು ತಪ್ಪುವುದಿಲ್ಲ. ನೆರೆಯ ಅಜ್ಜನ ಕುರಿಗಳನ್ನು ಒಂದೊಂದಾಗಿ ಗುರುತಿಸಬಲ್ಲ.

ಇಷ್ಟನ್ನು ಅರಿತ ಶಿಕ್ಷಕರು ಮಾಡಬಹುದಾದುದು ಬಹಳ. ಸಂತೆಯ ಲೆಕ್ಕದಿಂದಲೇ ಶೇಕಡಾವಾರಿಗೂ ಅನುಪಾತಕ್ಕೂ ದಾರಿ ತೆರೆಯಬಹುದು. ನಿಲಯದಲ್ಲಿ ಅವನಿಗೆ ವಾರಕ್ಕೊಮ್ಮೆ ಉಗ್ರಾಣದ ಧಾನ್ಯದ ಲೆಕ್ಕ ಬರೆಯುವ ಹೊಣೆಯನ್ನು ಕೊಡಬಹುದು. ಹೊಸದಾಗಿ ಬಂದ ಐದನೆಯ ತರಗತಿಯ ಬಾಲಕನನ್ನು ನೋಡಿಕೊಳ್ಳಲು ಹೇಳಬಹುದು. ಮೆಚ್ಚುವಾಗಲೂ 'ನೀನು ಜಾಣ' ಎಂಬ ಪೊಳ್ಳು ಮಾತಿಗಿಂತ, 'ಈ ವಾರದ ಲೆಕ್ಕದಲ್ಲಿ ಒಂದು ಸೇರೂ ವ್ಯತ್ಯಾಸವಾಗಿಲ್ಲ' ಎಂಬ ನಿರ್ದಿಷ್ಟವಾದ ಮಾತು ಮಗುವಿನಲ್ಲಿ ನಂಬಿಕೆಯನ್ನು ಹುಟ್ಟಿಸುತ್ತದೆ. ತಡವಾಗಿ ಬರುವುದಕ್ಕೆ ಕಾರಣ ತಂಗಿಯ ಹೊಣೆಯೆಂದು ತಿಳಿದ ಮೇಲೆ, ಶಿಕ್ಷೆಯ ಬದಲು ಅಂಗನವಾಡಿಯ ಕಾರ್ಯಕರ್ತೆಯೊಡನೆ ಮಾತನಾಡಿ ಪರಿಹಾರವನ್ನು ಹುಡುಕುವುದು ಸಾಧ್ಯವಾಗುತ್ತದೆ. ಆ ಪರಿಹಾರವನ್ನು ಯೋಚಿಸುವಾಗ ಬಾಲಕನ ಅಭಿಪ್ರಾಯವನ್ನೂ ಕೇಳಬೇಕು. ತನ್ನ ಬಾಳಿನ ಬಗ್ಗೆ ತಾನೂ ಯೋಚಿಸಬಲ್ಲೆನೆಂಬ ಅರಿವೇ ಅವನ ಮೊದಲ ಗಳಿಕೆ.

ಇದಕ್ಕೆಲ್ಲ ಹೆಚ್ಚಿನ ಹಣ ಬೇಕಿಲ್ಲ. ಆದರೆ ಸಮಯವೂ ಸ್ಥಿರತೆಯೂ ಬೇಕು. ವರ್ಷಕ್ಕೊಬ್ಬ ಮೇಲ್ವಿಚಾರಕರು ಬದಲಾಗುವ ನಿಲಯದಲ್ಲಿ ಯಾವ ಮಗುವೂ ಯಾರನ್ನೂ ನೆಚ್ಚಲಾರದು. ಪ್ರತಿ ಶಿಕ್ಷಕರ ಪಾಲಿಗೂ ಕೆಲವೇ ಮಕ್ಕಳನ್ನು ಒಪ್ಪಿಸಿ, ಆ ಮಕ್ಕಳು ಶಾಲೆಯನ್ನು ಬಿಡುವವರೆಗೂ ಅವರ ಯೋಗಕ್ಷೇಮವನ್ನು ಅದೇ ಶಿಕ್ಷಕರು ವಿಚಾರಿಸುವಂತೆ ಮಾಡುವುದು ಉಪಯುಕ್ತ ಕ್ರಮ. ಪ್ರವೇಶದ ಅರ್ಜಿಯಲ್ಲಿಯೂ ಎರಡು ಪ್ರಶ್ನೆಗಳನ್ನು ಸೇರಿಸಬಹುದು: ಈ ಮಗುವು ಯಾವ ಕೆಲಸವನ್ನು ಚೆನ್ನಾಗಿ ಮಾಡಬಲ್ಲದು? ಈ ಮಗುವಿಗೆ ಯಾರ ಮೇಲೆ ಅಕ್ಕರೆ ಹೆಚ್ಚು?

ಎಚ್ಚರಿಕೆಯ ಮಾತುಗಳು

ಒಳ್ಳೆಯ ತತ್ತ್ವವೂ ಅತಿಯಾದರೆ ಅನರ್ಥಕ್ಕೆಡೆಯಾಗುತ್ತದೆ. ಸತ್ವದ ಮಾತನ್ನಾಡುತ್ತ ಕೊರತೆಯನ್ನು ಮರೆಯುವುದು ಈ ವಿಧಾನದ ವಿಷಯದಲ್ಲಿ ಆಗಬಹುದಾದ ದೊಡ್ಡ ತಪ್ಪು. ಹಸಿದ ಮಗುವಿಗೆ ಮೊದಲು ಅನ್ನ ಬೇಕು. ಕಣ್ಣು ಮಂಜಾದ ಮಗುವಿಗೆ ಕನ್ನಡಕ ಬೇಕು. ಮನಸ್ಸು ಕುಗ್ಗಿದ ಮಗುವಿಗೆ ವೈದ್ಯರ ಸಲಹೆ ಬೇಕು. ಕವಾಯಿಯಲ್ಲಿ 72 ಮಕ್ಕಳು ಗೆದ್ದರೆಂಬುದನ್ನು ಹೇಳುವವರು 129 ಮಕ್ಕಳು ಎಡವಿದರೆಂಬುದನ್ನೂ ಹೇಳಬೇಕು. ಎಡವಿದವರಲ್ಲಿ ಸತ್ವವಿರಲಿಲ್ಲವೆಂದು ಇದರ ಅರ್ಥವಲ್ಲ. ವಿಪತ್ತುಗಳ ಭಾರ ಹೆಚ್ಚಾಗಿ, ಆಸರೆ ಕಡಿಮೆಯಾದಾಗ ಎಂಥವರೂ ಕುಸಿಯುತ್ತಾರೆ ಎಂಬುದೇ ಇದರ ಅರ್ಥ. ಬಡತನವನ್ನು ಮಗುವಿನ ಧೈರ್ಯದ ಮೇಲೆ ಹೊರಿಸಿ ಸಮಾಜವು ಕೈತೊಳೆದುಕೊಳ್ಳಲಾಗದು.

ಎರಡನೆಯದಾಗಿ, ಹೊಣೆಯೆಂಬುದು ದುಡಿಮೆಯ ಹೊರೆಯಾಗಬಾರದು. ಉಚಿತವಾಗಿ ಉಣ್ಣುವ ಮಕ್ಕಳಿಂದ ಮಾತ್ರ ಕಸ ಗುಡಿಸಿಸಿ ಪಾತ್ರೆ ತೊಳೆಸಿದರೆ ಅದು ಕಾಯಕವಲ್ಲ, ಅವಮಾನ. ಕೆಲಸವು ಎಲ್ಲರಿಗೂ ಸಮನಾಗಿರಬೇಕು, ವಯಸ್ಸಿಗೆ ತಕ್ಕುದಾಗಿರಬೇಕು, ಓದಿಗೆ ಅಡ್ಡಿಯಾಗಬಾರದು.

ಮೂರನೆಯದು ಅತ್ಯಂತ ಗಂಭೀರವಾದುದು. ಮಗುವು ದೌರ್ಜನ್ಯಕ್ಕೆ ಗುರಿಯಾಗಿದೆಯೆಂದು ತಿಳಿದಾಗ ಅದರ ಸಹನಶಕ್ತಿಯನ್ನು ಕೊಂಡಾಡುತ್ತ ಕುಳಿತಿರುವುದು ಅಪರಾಧವೇ ಸರಿ. ಲೈಂಗಿಕ ದೌರ್ಜನ್ಯದ ವಿಷಯ ತಿಳಿದವರು ಅದನ್ನು ಪೊಲೀಸರಿಗೆ ವರದಿ ಮಾಡಲೇಬೇಕೆಂದು 2012ರ ಪೋಕ್ಸೋ ಕಾಯ್ದೆಯು ವಿಧಿಸುತ್ತದೆ. ಸಂಸ್ಥೆಯ ಹೆಸರನ್ನು ಉಳಿಸುವ ನೆಪದಲ್ಲಿ ಇಂಥ ವಿಷಯವನ್ನು ಮುಚ್ಚಿಡುವುದು ಧರ್ಮಕ್ಕೂ ಕಾನೂನಿಗೂ ವಿರುದ್ಧ. ಸಂಕಟದಲ್ಲಿರುವ ಮಕ್ಕಳಿಗಾಗಿ 1098 ಎಂಬ ಸಹಾಯವಾಣಿಯೂ ಉಂಟು; ಆ ಸಂಖ್ಯೆಯನ್ನು ಮಕ್ಕಳ ಕಣ್ಣಿಗೆ ಬೀಳುವಂತೆ ಬರೆದಿಡುವುದು ಲೇಸು.

ಕಾನೂನಿನಲ್ಲಿಯೂ ಈ ದೃಷ್ಟಿಗೆ ಸ್ಥಾನ ದೊರೆತಿರುವುದು ಸಂತೋಷದ ಸಂಗತಿ. 2015ರ ಬಾಲನ್ಯಾಯ ಕಾಯ್ದೆಯ ಮೂರನೆಯ ಪ್ರಕರಣವು ಮಕ್ಕಳ ವಿಷಯದಲ್ಲಿ ಅನುಸರಿಸಬೇಕಾದ ಮೂಲತತ್ತ್ವಗಳನ್ನು ಹೇಳುತ್ತದೆ. ಮಗುವಿನ ಘನತೆಯನ್ನು ಕಾಪಾಡುವುದು, ಅದರ ಅಭಿಪ್ರಾಯಕ್ಕೆ ಬೆಲೆ ಕೊಡುವುದು, ಕುಟುಂಬ ಹಾಗೂ ಸಮುದಾಯದ ಸಂಪನ್ಮೂಲಗಳನ್ನು ಅದರ ಏಳಿಗೆಗಾಗಿ ಒಗ್ಗೂಡಿಸುವುದು, ಕಳಂಕ ತರುವ ಮಾತುಗಳನ್ನು ಬಳಸದಿರುವುದು, ಇವು ಆ ತತ್ತ್ವಗಳಲ್ಲಿ ಸೇರಿವೆ. ಹದಿನೆಂಟು ವರ್ಷ ತುಂಬಿ ಪಾಲನಾ ಸಂಸ್ಥೆಗಳನ್ನು ಬಿಡುವವರಿಗೆ ಮುಂದೆಯೂ ನೆರವು ದೊರೆಯಬೇಕೆಂದು ಅದೇ ಕಾಯ್ದೆಯು ಒಪ್ಪಿದೆ.

ದಾನಿಗಳೂ ಹಳೆಯ ವಿದ್ಯಾರ್ಥಿಗಳೂ

ದಾನವಿಲ್ಲದೆ ಇಂಥ ಸಂಸ್ಥೆಗಳು ನಡೆಯವು. ಹೊಲದ ಮೊದಲ ಬೆಳೆಯನ್ನು ದಾಸೋಹಕ್ಕೆ ಕಳುಹಿಸುವ ರೈತನಿಂದ ಮೊದಲ್ಗೊಂಡು ಕೊಠಡಿ ಕಟ್ಟಿಸಿಕೊಡುವ ವರ್ತಕರವರೆಗೆ ಎಲ್ಲರ ಋಣವೂ ಅವುಗಳ ಮೇಲಿದೆ. ಆದರೆ ದಾನದ ಸಮಾರಂಭದಲ್ಲಿ ಮಗುವಿನ ಬಡತನವನ್ನು ಬಣ್ಣಿಸಿ, ವೇದಿಕೆಗೆ ಕರೆದು, ಕೈಯಲ್ಲಿ ಬಟ್ಟೆ ಪುಸ್ತಕಗಳನ್ನಿತ್ತು ಭಾವಚಿತ್ರ ತೆಗೆಸುವ ರೂಢಿಯನ್ನು ಪುನರ್ವಿಮರ್ಶಿಸುವುದು ಒಳಿತು. ಕೊಟ್ಟವರ ಮನಸ್ಸಿನಲ್ಲಿ ಹಿಗ್ಗು ಉಳಿಯುತ್ತದೆ. ಪಡೆದ ಮಗುವಿನ ಮನಸ್ಸಿನಲ್ಲಿ ಸಹಪಾಠಿಗಳೆದುರು ನಿಂತ ನಾಚಿಕೆ ಉಳಿಯುತ್ತದೆ. ಅದೇ ನೆರವನ್ನು ಸಂಸ್ಥೆಯ ಮೂಲಕ ಸದ್ದಿಲ್ಲದೆ ತಲುಪಿಸಿ, ಮಕ್ಕಳು ಬೆಳೆಸಿದ ಕೈತೋಟವನ್ನೋ ಅವರು ಸಿದ್ಧಪಡಿಸಿದ ಕೈಬರಹದ ಪತ್ರಿಕೆಯನ್ನೋ ದಾನಿಗಳಿಗೆ ತೋರಿಸಿದರೆ, ತಮ್ಮ ದಾನವು ಏನನ್ನು ಬೆಳೆಸಿತೆಂಬುದನ್ನು ಅವರು ಕಣ್ಣಾರೆ ಕಾಣುತ್ತಾರೆ.

ಹಳೆಯ ವಿದ್ಯಾರ್ಥಿಗಳ ಪಾತ್ರ ಇದಕ್ಕಿಂತಲೂ ಆಳವಾದುದು. ಅದೇ ಪ್ರಸಾದ ನಿಲಯದ ಪಂಕ್ತಿಯಲ್ಲಿ ಕುಳಿತು ಉಂಡು ಓದಿ, ಇಂದು ಶಿಕ್ಷಕರೋ ವೈದ್ಯರೋ ಪ್ರಗತಿಪರ ರೈತರೋ ಆಗಿರುವವರು ವರ್ಷಕ್ಕೆರಡು ಬಾರಿ ಬಂದು ಒಬ್ಬ ಬಾಲಕನೊಡನೆ ಒಂದು ಗಂಟೆ ಕುಳಿತು ಮಾತನಾಡಿದರೆ, ಹಣದಿಂದ ಆಗದ ಕೆಲಸ ಅದರಿಂದಾಗುತ್ತದೆ. ಪರೀಕ್ಷೆಯಲ್ಲಿ ಸೋತು ಊರಿಗೆ ಮರಳಿದವರನ್ನು ಹುಡುಕಿ, ಮರುಪರೀಕ್ಷೆಗೋ ಕೈಗಾರಿಕಾ ತರಬೇತಿ ಸಂಸ್ಥೆಗೋ ದಾರಿ ತೋರಿಸುವುದು ಹಳೆಯ ವಿದ್ಯಾರ್ಥಿಗಳ ಸಂಘವು ಕೈಗೊಳ್ಳಬಹುದಾದ ಶ್ರೇಷ್ಠ ಕಾಯಕ. ಕವಾಯಿ ದ್ವೀಪದ ತರುಣರಿಗೆ ತೆರೆದ ಎರಡನೆಯ ಬಾಗಿಲು ಇದಲ್ಲದೆ ಬೇರೆಯಲ್ಲ.

ಹಾನಗಲ್ಲ ಕುಮಾರಸ್ವಾಮಿಗಳು ಬಾಲಕನ ಕಂಠವನ್ನು ಗುರುತಿಸದೆ ಅವನ ಕುರುಡನ್ನು ಮಾತ್ರ ಕಂಡಿದ್ದರೆ ಅವನಿಗೆ ಒಂದು ಹೊತ್ತಿನ ಊಟ ಸಿಗುತ್ತಿತ್ತು. ನಾಡಿಗೆ ಒಂದು ಸಂಗೀತ ಪರಂಪರೆ ಸಿಗುತ್ತಿರಲಿಲ್ಲ. ಬರಲಿರುವ ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲಿಗೆ ಬರುವ ಮಕ್ಕಳಲ್ಲಿ ಯಾರ ಕಂಠ, ಯಾರ ಕೈ, ಯಾರ ಬುದ್ಧಿ ಕಾಣುವವರಿಗಾಗಿ ಕಾದಿದೆಯೋ ಬಲ್ಲವರಾರು? ಅನ್ನವನ್ನಿಕ್ಕುವ ಕೈ ಆ ಸತ್ವವನ್ನೂ ಗುರುತಿಸಿದಾಗ ದಾಸೋಹವು ಪೂರ್ಣವಾಗುತ್ತದೆ. ವಿದ್ಯಾಸಂಸ್ಥೆಯ ಬಾಳೂ ಸಾರ್ಥಕವಾಗುತ್ತದೆ.